ಊದಬೇಡ ಅಂದಿದ್ದರು

ಕೊಡಗು ಇನ್ನೂ ತನ್ನ ಪಾಡಿಗೆ ತಾನೊಂದು ಸಣ್ಣ ರಾಜ್ಯವಾಗಿದ್ದ ಕಾಲ. ಹೆಬ್ಬಾಲೆಯ ಸುತ್ತಮುತ್ತ ಯಾವುದೇ ಮನೆಯಲ್ಲಿ ಮದುವೆ ಗೊತ್ತಾದರೂ ಹೆಣ್ಣಿನ ಅಪ್ಪ ಪುರೋಹಿತರ ಮನೆಗೆ ಹೋಗುವ ಮೊದಲು ಸಣ್ಣಸ್ವಾಮಿಯ ಮನೆಗೆ ಬರುತ್ತಿದ್ದ. ವಾಲಗ ಊದುವುದಕ್ಕೆ ಸಣ್ಣಸ್ವಾಮಿ ಸಿಕ್ಕಿದರೆ ಮದುವೆಗೆ ಅರ್ಧ ಕಳೆ ಬಂತು ಎಂದು ಆ ಕಡೆಯ ಜನ ನಂಬಿದ್ದರು. ಅವನ ಅಣ್ಣ ಸಿದ್ದರಾಜು ಡೋಲು ಬಾರಿಸುತ್ತಿದ್ದ. ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದವರು ಯಾರೂ ಇಲ್ಲ.

ಇವರ ಕಥೆಯನ್ನು ನನಗೆ ಹೇಳಿದವಳು ಸಣ್ಣಸ್ವಾಮಿಯ ಹೆಂಡತಿ ಮುತ್ತಮ್ಮ. ನಮ್ಮ ಪಕ್ಕದ ಮನೆಯಲ್ಲಿದ್ದಳು. ಒಂದೇ ಸಲ ಪೂರ್ತಿ ಹೇಳಲಿಲ್ಲ. ರಾಗಿ ಕೇರುವಾಗ ಸ್ವಲ್ಪ, ನೀರಿಗೆ ಹೋಗುವಾಗ ಸ್ವಲ್ಪ, ಹೀಗೆ ವರ್ಷಗಟ್ಟಲೆ ಹೇಳಿದ್ದು.

ಅಣ್ಣತಮ್ಮಂದಿರ ತಾತ ಅರಕಲಗೂಡಿನ ಕಡೆಯಿಂದ ಬಂದು ಹೊಳೆಯ ದಂಡೆಯಲ್ಲಿ ನೆಲ ಮಾಡಿಕೊಂಡವನು. ಅಪ್ಪ ಅವ್ವ ಇಬ್ಬರೂ ಒಂದೇ ಚಳಿಜ್ವರದ ವರ್ಷದಲ್ಲಿ ತೀರಿಕೊಂಡಾಗ ಸಣ್ಣಸ್ವಾಮಿಗೆ ಇನ್ನೂ ಹಾಲುಹಲ್ಲು. ಸಿದ್ದರಾಜುವಿಗೆ ಮೀಸೆ ಮೂಡುವ ವಯಸ್ಸು. ಅವನೇ ತಮ್ಮನನ್ನು ಹೊತ್ತು ತಿರುಗಿದ, ಉಣ್ಣಿಸಿದ, ಹೊಲದ ಬದುವಿನಲ್ಲಿ ಮಲಗಿಸಿಕೊಂಡು ಉತ್ತ. ವಾಲಗದವರ ಜೊತೆ ಡೋಲು ಹಿಡಿದು ಹೋಗುವಾಗಲೂ ಬಿಟ್ಟು ಹೋಗಲಿಲ್ಲ. ಮದುವೆಮನೆಯಲ್ಲಿ ಕೇಳಿದ ಸ್ವರಗಳನ್ನು ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಡುತ್ತಿದ್ದ. ಊದುವ ಪಾಠ ಆಮೇಲೆ ಬೇರೊಬ್ಬ ಮುದುಕ ಕಲಿಸಿದ್ದಾದರೂ, ತನ್ನ ಗುರು ಯಾರೆಂದು ಕೇಳಿದರೆ ಸಣ್ಣಸ್ವಾಮಿ ಅಣ್ಣನ ಕಡೆ ಕೈ ತೋರಿಸುತ್ತಿದ್ದ.

ಸಿದ್ದರಾಜು ಯಾವಾಗಲೂ ತಮ್ಮನ ಎಡಕ್ಕೆ ನಿಲ್ಲುತ್ತಿದ್ದ. ಡೋಲಿನ ಕಡೆ ನೋಡುತ್ತಿರಲಿಲ್ಲ. ತಮ್ಮನ ಕೆನ್ನೆಯನ್ನೇ ನೋಡುತ್ತಿದ್ದ. ಕೆನ್ನೆ ಉಬ್ಬುವ ರೀತಿಯಲ್ಲೇ ಮುಂದಿನ ಸ್ವರ ಯಾವುದೆಂದು ಅವನಿಗೆ ತಿಳಿಯುತ್ತಿತ್ತಂತೆ.

ಸಣ್ಣಸ್ವಾಮಿ ಹೊಳೆಯ ಮೆಟ್ಟಿಲಿನಲ್ಲಿ ಜಾರಿ ಬಾಯಿ ಒಡೆದುಕೊಂಡಿದ್ದು ಒಂದು ದೀಪಾವಳಿಯ ಮುಂಚೆ. ತುಟಿ ಬೇಗ ವಾಸಿಯಾಯಿತು. ಮೇಲಿನ ಸಾಲಿನ ಮುಂಬಲ್ಲು ಮಾತ್ರ ದಿನ ಕಳೆದಂತೆ ಮಂಕಾಗಿ, ಬೂದಿಯ ಬಣ್ಣಕ್ಕೆ ತಿರುಗಿತು. ನೋವಿರಲಿಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ವರ್ಷ ಮದುವೆಯ ಕಾಲ ಶುರುವಾಗುವ ಹೊತ್ತಿಗೆ ಆ ಹಲ್ಲಿನ ಮೇಲೆ ಒಸಡಿನಲ್ಲಿ ಸಣ್ಣ ಗುಳ್ಳೆ ಎದ್ದಿತು. ನಾಗಸ್ವರದ ತುದಿಯ ಪೀಪಿಯನ್ನು ತುಟಿಗಳ ನಡುವೆ ಇಟ್ಟು ಬಿಗಿ ಹಿಡಿದರೆ ಸಾಕು, ಸೂಜಿ ಚುಚ್ಚಿದ ಹಾಗೆ ನೋವು ಮೂಗಿನ ಬುಡಕ್ಕೆ ಹತ್ತುತ್ತಿತ್ತು.

ಲವಂಗ ಅರೆದು ಹಚ್ಚಿದರು. ಹೊಗೆಸೊಪ್ಪು ಒತ್ತಿದರು. ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ ಹೊಗೆ ಕೊಡುವ ಮುದುಕಿಯೊಬ್ಬಳು ಬಂದು, ಹಲ್ಲಿನ ಹುಳ ಬಿತ್ತು ನೋಡಿ ಎಂದು ತಟ್ಟೆಯಲ್ಲಿ ಏನನ್ನೋ ತೋರಿಸಿ ಹೋದಳು. ಗುಳ್ಳೆ ಒಡೆದು ಕೀವು ಬಂದಾಗ ನೋವು ಇಳಿಯುತ್ತಿತ್ತು, ಮತ್ತೆ ತುಂಬಿಕೊಂಡಾಗ ಏರುತ್ತಿತ್ತು.

"ಕೀಳ್ಸಿ ಬಿಸಾಕ್ತೀನಿ ಅಣ್ಣ, ಸಾಕಾಯ್ತು," ಎಂದ ಸಣ್ಣಸ್ವಾಮಿ.

"ಕೀಳ್ಸಿ ಏನ್ಲಾ ಊದೀಯೆ? ಗಾಳಿ ಎಲ್ಲಿ ನಿಂತದೆ?" ಎಂದ ಸಿದ್ದರಾಜು. "ಮಡಿಕೇರೀಲಿ ಹಲ್ಲಿನ ಡಾಕ್ಟ್ರು ಅವ್ರಂತೆ. ಮಿಲಿಟ್ರೀಲಿ ಇದ್ದು ಬಂದೋರು. ಒಂದ್ಸಲ ತೋರ್ಸಾನ ನಡಿ."

ಕುಶಾಲನಗರವನ್ನು ಆಗ ಫ್ರೇಜರ್‌ಪೇಟೆ ಎಂದೇ ಕರೆಯುತ್ತಿದ್ದರು. ಅಲ್ಲಿಯವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ಸುಂಟಿಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಇಬ್ಬರೂ ಮಡಿಕೇರಿಗೆ ಹೋದರು. ಡಾಕ್ಟರರ ಹೆಸರು ಪೂವಯ್ಯ. ಎತ್ತರದ ಆಳು, ಮಾತು ಕಡಿಮೆ. ಕಾಲಿನಿಂದ ತುಳಿದು ತಿರುಗಿಸುವ ಒಂದು ಯಂತ್ರ ಅವರ ಕುರ್ಚಿಯ ಪಕ್ಕದಲ್ಲಿತ್ತು. ಅದನ್ನು ಕಂಡು ಸಣ್ಣಸ್ವಾಮಿ ಬಾಗಿಲಿನ ಕಡೆ ಹೊರಳಿದ. ಸಿದ್ದರಾಜು ಅವನ ಭುಜ ಹಿಡಿದು ಕೂರಿಸಿದ.

ಡಾಕ್ಟರು ಬಾಯೊಳಗೆ ನೋಡಿದರು, ಹಲ್ಲನ್ನು ಮೆಲ್ಲಗೆ ತಟ್ಟಿದರು. ಯಾವ ಕೆಲಸ ಮಾಡುತ್ತೀ ಎಂದು ಕೇಳಿದರು. ವಾಲಗ ಎಂದು ಕೇಳಿದ ಮೇಲೆ ಮತ್ತೊಮ್ಮೆ ನೋಡಿದರು.

"ಹಲ್ಲಿನ ಒಳಗಿನ ನರ ಸತ್ತು ಕೊಳೆತಿದೆ. ಆದರೆ ಬೇರು ಗಟ್ಟಿ ಇದೆ. ಕೀಳೋದು ಬೇಡ. ಒಳಗೆ ತೆರೆದು, ಕೊಳೆತದ್ದನ್ನೆಲ್ಲ ತೆಗೆದು ತೊಳೀತೇನೆ. ಔಷಧಿ ಹತ್ತಿ ಇಟ್ಟು ಮುಚ್ಚುತೇನೆ. ಕೀವು ಪೂರ್ತಿ ನಿಂತ ಮೇಲೆ ಬೇರಿನ ತುದಿವರೆಗೂ ತುಂಬಬೇಕು. ಕೆಲವು ಸಲ ಬರಬೇಕಾಗ್ತದೆ. ನಡುವೆ ಬಿಡಬಾರದು."

"ಬತ್ತೀವಿ ಸ್ವಾಮಿ," ಎಂದ ಸಿದ್ದರಾಜು, ಹಲ್ಲು ತನ್ನದೇ ಎಂಬಂತೆ.

ಕೆಲಸ ಮುಗಿಯುವಷ್ಟೂ ಹೊತ್ತು ಅವನು ತಮ್ಮನ ಪಾದ ಹಿಡಿದು ನಿಂತಿದ್ದ. ಮುಗಿದ ಮೇಲೆ ಡಾಕ್ಟರು ಕೈ ತೊಳೆದುಕೊಂಡು ಮಾತಾಡಿದ್ದು ಸಣ್ಣಸ್ವಾಮಿಯ ಜೊತೆಗಲ್ಲ. ಅವನು ಹೆದರಿಕೆಗೆ ಅರ್ಧ ಪ್ರಜ್ಞೆಯಲ್ಲಿದ್ದ. ಅಣ್ಣನ ಜೊತೆ.

"ಈಗ ಮರಗಟ್ಟಿದೆ, ನೋವು ಗೊತ್ತಾಗೋದಿಲ್ಲ. ಮರಗಟ್ಟಿದ್ದು ಬಿಡೋ ಮುಂಚೆನೇ ಈ ಮಾತ್ರೆ ಕೊಡು. ನೋವು ಬಂದಮೇಲೆ ಕೊಟ್ಟರೆ ಅದು ಹತ್ತೋದು ತಡ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲಿ. ಹೊರಗಿನಿಂದ ಕೆನ್ನೆಗೆ ಶಾಖ ಕೊಡಬೇಡಿ, ಕೀವು ಇನ್ನೂ ಏಳ್ತದೆ. ತಲೆ ಎತ್ತರ ಇಟ್ಟು ಮಲಗಲಿ. ಕೆಳಗಿನ ಹಲ್ಲು ತಾಗದ ಹಾಗೆ ಸ್ವಲ್ಪ ಉಜ್ಜಿದ್ದೇನೆ, ಆದರೂ ಅದರಿಂದ ಏನನ್ನೂ ಕಚ್ಚಬಾರದು. ಏನು ಊಟ ನಿಮ್ಮದು?"

"ರಾಗಿ ಮುದ್ದೆ ಸ್ವಾಮಿ."

ಪೂವಯ್ಯ ಡಾಕ್ಟರು ಅವತ್ತು ನಕ್ಕಿದ್ದು ಅದೊಂದೇ ಸಲ. "ಹಾಗಾದ್ರೆ ತೊಂದರೆ ಇಲ್ಲ. ನುಂಗೋ ಊಟ."

ಆಮೇಲೆ ನಗು ಬಿಟ್ಟು ಸಣ್ಣಸ್ವಾಮಿಯ ಕಡೆ ತಿರುಗಿದರು. "ಊದೋದು ಮಾತ್ರ ಬೇಡ. ನಾನು ಹೇಳೋವರೆಗೆ ಪೀಪಿ ತುಟಿಗೆ ತಾಗಿಸಬಾರದು. ನೀನು ಊದುವಾಗ ಬಿಗಿಯೆಲ್ಲ ಈ ಹಲ್ಲಿನ ಮೇಲೇ ಬೀಳ್ತದೆ. ಬೇರಿನ ತುದಿಯಲ್ಲಿ ಹಸಿ ಗಾಯ ಇದೆ. ಅದು ಒಣಗೋ ಮುಂಚೆ ಊದಿದರೆ ನೀನು ಹಲ್ಲನ್ನೂ ಕಳ್ಕೊಳ್ತೀ, ಊದೋದನ್ನೂ ಕಳ್ಕೊಳ್ತೀ."

ಮನೆಗೆ ಬಂದ ಮೇಲೆ ಈ ಮಾತುಗಳನ್ನೆಲ್ಲ ಸಿದ್ದರಾಜು ತನ್ನ ಹೆಂಡತಿ ಲಿಂಗಮ್ಮನಿಗೆ ಒಪ್ಪಿಸಿದ. ಲಿಂಗಮ್ಮ ಆ ಮನೆಯ ದೊಡ್ಡ ಸೊಸೆ. ಮದುವೆಯಾಗಿ ಬಂದಾಗ ಸಣ್ಣಸ್ವಾಮಿ ಅವಳ ಸೆರಗು ಹಿಡಿದು ಓಡಾಡುವ ಮಗು. ಸ್ವಂತ ಮಗ ಹುಟ್ಟಿ ಬೆಳೆದ ಮೇಲೂ ಮೈದುನನೇ ಅವಳ ಮೊದಲ ಮಗ. ಅವಳು ಮುದ್ದೆಯನ್ನು ಇನ್ನಷ್ಟು ಸಡಿಲಗೊಳಿಸಿದಳು, ಸಾರಿಗೆ ಖಾರ ಕಮ್ಮಿ ಮಾಡಿದಳು, ಹುರಿಗಾಳಿನ ಡಬ್ಬ ಅಟ್ಟಕ್ಕೆ ಹಾಕಿದಳು. ನಾಗಸ್ವರವನ್ನು ಹಳೆಯ ಸೀರೆಯಲ್ಲಿ ಸುತ್ತಿ ತನ್ನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು.

"ಅತ್ಗೆ, ನಾನೇನು ಕಳ್ಳನಾ?" ಎಂದ ಸಣ್ಣಸ್ವಾಮಿ.

"ನಿನ್ ಕೈ ಸುಮ್ಕಿರಲ್ಲ ಕಣಪ್ಪ, ನಂಗೊತ್ತಿಲ್ವಾ," ಎಂದಳು ಅವಳು.

ನೋವು ಬರಲೇ ಇಲ್ಲ. ಮೊದಲ ದಿನ ಸ್ವಲ್ಪ ಭಾರ, ಅಷ್ಟೇ. ಎರಡನೆಯ ಸಲ ಮಡಿಕೇರಿಗೆ ಹೋದಾಗ ಡಾಕ್ಟರು ಹತ್ತಿ ಬದಲಿಸಿ, ಮೂಸಿ ನೋಡಿ, ವಾಸನೆ ಕಡಿಮೆಯಾಗಿದೆ ಎಂದರು. ಇನ್ನೊಂದು ಸಲ ನೋಡಿ ತುಂಬಿಬಿಡುತ್ತೇನೆ, ಆಮೇಲೆ ಸ್ವಲ್ಪ ಸಮಯ ಕಾದು ಊದಬಹುದು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಸಿದ್ದರಾಜು ಬೆರಳಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ತಾಳ ಹಾಕಿದ್ದನ್ನು ಸಣ್ಣಸ್ವಾಮಿ ಹೆಂಡತಿಗೆ ಹೇಳಿ ನಕ್ಕಿದ್ದ.

ಆ ದಿನಗಳಲ್ಲಿ ಬಂದ ಮದುವೆಗಳನ್ನೆಲ್ಲ ಅವರು ಬಿಟ್ಟರು. ಶನಿವಾರಸಂತೆಯ ಕಡೆಯ ದೊಡ್ಡ ಮನೆಯೊಂದರಿಂದ ಕರೆ ಬಂದಾಗ, ಬೇರೆ ಯಾರಾದರೂ ಊದಲಿ ನೀನಾದರೂ ಡೋಲಿಗೆ ಬಾ ಎಂದು ಸಿದ್ದರಾಜುವನ್ನು ಒತ್ತಾಯ ಮಾಡಿದರು. "ಇವ್ನಿಲ್ದೆ ನಾನ್ ಯಾರ ಮೊಕ ನೋಡ್ಕಂಡ್ ಬಾರಿಸ್ಲಿ?" ಎಂದು ಅವನು ಹೋಗಲಿಲ್ಲ. ಕಣದಲ್ಲಿ ರಾಗಿ ತುಳಿಸುವ ಕೆಲಸವಿತ್ತು, ಅದಕ್ಕೆ ನಿಂತ.

ಆ ಕಣದಲ್ಲೇ ಅನಾಹುತವಾಯಿತು. ಹೊಸದಾಗಿ ಪಳಗಿಸಿದ್ದ ಹೋರಿ ಯಾಕೋ ಬೆದರಿ ತಿರುಗಿಬಿತ್ತು. ಅಡ್ಡ ಬಂದ ಸಿದ್ದರಾಜುವಿನ ಹೊಟ್ಟೆಗೆ ಕೋಡು ಹೊಕ್ಕಿತು. ಫ್ರೇಜರ್‌ಪೇಟೆಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಒಳಗೆ ಕೆಟ್ಟಿದೆ, ಮನೆಗೆ ಕರೆದುಕೊಂಡು ಹೋಗುವುದಾದರೆ ಹೋಗಿ ಎಂದು ಅಲ್ಲಿಯ ಡಾಕ್ಟರು ಸಣ್ಣಸ್ವಾಮಿಯನ್ನು ಪಕ್ಕಕ್ಕೆ ಕರೆದು ಹೇಳಿದರು.

ಮನೆಯಲ್ಲಿ ಸಿದ್ದರಾಜು ಹೊರಕೋಣೆಯ ಚಾಪೆಯ ಮೇಲೆ ಮಲಗಿದ್ದ. ಜ್ವರ ಏರುತ್ತಿತ್ತು, ಪ್ರಜ್ಞೆ ಇತ್ತು. ತಮ್ಮ ಪಕ್ಕದಿಂದ ಏಳಲಿಲ್ಲ. ಮೂರನೆಯ ಸಲ ಮಡಿಕೇರಿಗೆ ಹೋಗಬೇಕಾಗಿದ್ದ ದಿನ ಬಂತು. ಹೋಗು ಎಂದ ಸಿದ್ದರಾಜು, ಇಲ್ಲ ಎಂದ ಸಣ್ಣಸ್ವಾಮಿ. ಆಗ ಸಿದ್ದರಾಜು ಹೆಂಡತಿಯನ್ನು ಹತ್ತಿರ ಕರೆದ.

"ಏನಾರ ಆದ್ರೆ ತೊರೆನೂರ್ ವಾಲಗದೋರಿಗೆ ಹೇಳ್ ಕಳ್ಸಿ. ಇವ್ನು ಊದ್‌ಬಾರ್ದು. ಡಾಕ್ಟ್ರು ಏನಂದವ್ರೆ ಗೊತ್ತಲ್ಲ."

"ಸುಮ್ಕಿರಿ, ಏನೂ ಆಗಲ್ಲ," ಎಂದಳು ಲಿಂಗಮ್ಮ.

"ಪೆಟ್ಗೆ ಬೀಗ ತೆಗೀಬ್ಯಾಡ."

"ತೆಗಿಯಲ್ಲ."

"ನೀನೂ ಹೇಳ್ಲಾ."

ಸಣ್ಣಸ್ವಾಮಿ ಆಗಲಿ ಎಂದು ತಲೆ ಅಲ್ಲಾಡಿಸಿದ. ಮಾರನೆಯ ದಿನ ಬೆಳಗಿನ ಹೊತ್ತು, ದನ ಬಿಡುವ ಸಮಯಕ್ಕೆ, ಸಿದ್ದರಾಜು ಹೋದ.

ತೊರೆನೂರಿನ ವಾಲಗದವರು ಬಂದರು. ಒಳ್ಳೆಯ ಜನ, ಕಣ್ಣಲ್ಲಿ ನೀರು ಹಾಕಿಕೊಂಡೇ ಬಂದರು. ಸಿದ್ದರಾಜುವಿನ ಮಗ ಮುಂದೆ ಬೆಂಕಿ ಹಿಡಿದು ನಡೆದ. ಚಟ್ಟದ ಹಿಂದೆ ಸಣ್ಣಸ್ವಾಮಿ ಟವೆಲನ್ನು ಬಾಯಿಗೆ ಅಡ್ಡ ಹಿಡಿದು ನಡೆದ. ವಾಲಗ ಮುಂದೆ ಹೋಗುತ್ತಿತ್ತು. ತನ್ನ ಅಣ್ಣನ ಮುಂದೆ ಬೇರೆ ಯಾರೋ ಊದುತ್ತಿದ್ದಾರೆ, ಬೇರೆ ಯಾರೋ ಬಾರಿಸುತ್ತಿದ್ದಾರೆ ಎಂಬುದು ಅವನ ತಲೆಗೆ ಹತ್ತಿರಲಿಲ್ಲವೆಂದು ಕಾಣುತ್ತದೆ. ಮಂಕಾಗಿ ನಡೆಯುತ್ತಿದ್ದ ಎಂದು ಮುತ್ತಮ್ಮ ಹೇಳುತ್ತಿದ್ದಳು.

ಊರ ಹೊರಗೆ ಚಟ್ಟ ಇಳಿಸುವ ಜಾಗ. ಹೆಂಗಸರು ಅಲ್ಲಿಂದ ವಾಪಸಾಗಬೇಕು. ಅಲ್ಲಿ ಲಿಂಗಮ್ಮ ಗಂಡನ ಎದೆಯ ಮೇಲೆ ಬಿದ್ದು ಅಳತೊಡಗಿದಳು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಅಳುವಾಗ ಬದುಕಿದ್ದವನ ಜೊತೆ ಮಾತಾಡಿದ ಹಾಗೇ ಹೇಳಿಕೊಂಡು ಅಳುತ್ತಾರೆ. ಬಾಯಿಗೆ ಬಂದದ್ದು ಬರುತ್ತದೆ. ಯೋಚಿಸಿ ಅಳುವವರು ಯಾರು?

"ಎಲ್ರ ಮದ್ವೆಗೂ ಬಾರಿಸಿದ್ರಲ್ಲೋ ನನ್ ದೊರೆಯೇ... ಎಲ್ಲರ್ನೂ ಮಣ್‌ವರ್ಗೂ ಕಳ್ಸಿ ಕೊಟ್ರಲ್ಲೋ... ನಿಮ್ಮನ್ ಕಳ್ಸಕ್ಕೆ ಪರ ಊರೋರು ಬಂದವ್ರಲ್ಲೋ... ಮನೇಲಿ ಊದೋನ್ ಇದ್ದೂ ಇಲ್ದಂಗಾಯ್ತಲ್ಲೋ..."

ಅಲ್ಲಿದ್ದವರೆಲ್ಲ ಅಳುತ್ತಿದ್ದರು. ಸಣ್ಣಸ್ವಾಮಿ ಬಾಯಿಯಿಂದ ಟವೆಲು ತೆಗೆದ. ತೊರೆನೂರಿನವನ ಹತ್ತಿರ ಹೋಗಿ ಕೈ ಚಾಚಿದ. ಅವನಿಗೂ ವಿಷಯ ಗೊತ್ತಿತ್ತು. "ಬ್ಯಾಡ ಕಣಣ್ಣ, ನಿನ್ ಹಲ್ಲು..." ಎಂದ. ಸಣ್ಣಸ್ವಾಮಿ ಅವನ ಕೈಯಿಂದ ನಾಗಸ್ವರ ತೆಗೆದುಕೊಂಡ. ಮುತ್ತಮ್ಮ ಓಡಿಬಂದು ಗಂಡನ ತೋಳು ಹಿಡಿದಳು. ಅವನು ಅವಳನ್ನು ನೋಡಿದ ರೀತಿಗೆ ಅವಳೇ ಕೈ ಬಿಟ್ಟಳು.

ಅಲ್ಲಿಂದ ಗುಂಡಿಯವರೆಗೂ ಅವನು ಊದಿದ. ಅದು ಯಾವ ಸ್ವರ ಎಂದು ಮುತ್ತಮ್ಮನಿಗೆ ಹೇಳಲು ಬರುತ್ತಿರಲಿಲ್ಲ. ಮದುವೆಯಲ್ಲಿ ಊದುವುದಲ್ಲ, ಸಾವಿನಲ್ಲಿ ಊದುವುದೂ ಅಲ್ಲ. ಸಣ್ಣ ಮಕ್ಕಳಿಗೆ ಬಾಯಲ್ಲಿ ಹೇಳಿಕೊಡುವ ಹಾಗೆ, ಒಂದೊಂದೇ, ಬಿಡಿಬಿಡಿಯಾಗಿ ಇತ್ತಂತೆ. ತೊರೆನೂರಿನ ಡೋಲಿನವನು ಎರಡು ಹೆಜ್ಜೆ ಜೊತೆಗೆ ಬಾರಿಸಿ ನಿಲ್ಲಿಸಿಬಿಟ್ಟ. ಡೋಲಿಲ್ಲದೆ ಬರೀ ನಾಗಸ್ವರ ಹೋಯಿತು. ಎಡಗಡೆ ಒಬ್ಬ ಮನುಷ್ಯನಷ್ಟು ಜಾಗ ಬಿಟ್ಟುಕೊಂಡೇ ನಡೆದ. ಮಣ್ಣು ಮುಚ್ಚುವವರೆಗೂ ನಿಲ್ಲಿಸಲಿಲ್ಲ.

ಸಂಜೆಯ ಹೊತ್ತಿಗೆ ಮೇಲ್ದುಟಿ ದಪ್ಪವಾಯಿತು. ಬೆಳಗಾಗುವಷ್ಟರಲ್ಲಿ ಮೂಗಿನ ಪಕ್ಕ ಉಬ್ಬಿ ಒಂದು ಕಣ್ಣು ಮುಚ್ಚಿಹೋಗಿತ್ತು. ಯಾರೋ ಬಿಸಿ ಶಾಖ ಕೊಡಿ ಎಂದರು. ಲಿಂಗಮ್ಮ ಸೂತಕದ ಮೂಲೆಯಿಂದಲೇ ಕೂಗಿದಳು: "ಬ್ಯಾಡ, ಶಾಖ ಕೊಡ್ಬಾರ್ದು! ಅವ್ರು ಹೇಳಿದ್ರು, ಕೊಡ್ಬಾರ್ದು ಅಂತ!" ಆಮೇಲೆ ಗೋಡೆಗೆ ತಲೆ ಚಚ್ಚಿಕೊಂಡಳು. ಸಣ್ಣಸ್ವಾಮಿ ಮಾತ್ರ ನರಳಲಿಲ್ಲ. ಅಷ್ಟು ನೋವಿನಲ್ಲೂ ಎದ್ದು ಕೂತು ಬಾಗಿಲ ಹೊರಗೆ ನೋಡುತ್ತಿದ್ದ. ಮೂರನೆಯ ದಿನದ ಕಾರ್ಯ ಮುಗಿಯದೆ ಊರು ಬಿಡುವುದಿಲ್ಲ ಎಂದು ಹಟ ಹಿಡಿದ. ಅದು ಮುಗಿದ ಮೇಲೆ ಮುತ್ತಮ್ಮ ಅವನನ್ನು ಮಡಿಕೇರಿಗೆ ಕರೆದುಕೊಂಡು ಹೋದಳು.

ಪೂವಯ್ಯ ಡಾಕ್ಟರು ಬಾಗಿಲಲ್ಲೇ ಮುಖ ನೋಡಿದರು.

"ಊದಿದೆಯಾ?"

ಸಣ್ಣಸ್ವಾಮಿ ಹೌದೆಂದು ತಲೆ ಆಡಿಸಿದ.

"ನಿನ್ನ ಅಣ್ಣ ಎಲ್ಲಿ? ಅವನಿಗೆ ಅಷ್ಟು ಹೇಳಿದ್ದೆನಲ್ಲ?"

ಮುತ್ತಮ್ಮ ಹೇಳಿದಳು. ಡಾಕ್ಟರು ಒಂದೂ ಗದರುವ ಮಾತಾಡದೆ ಅವನನ್ನು ಕೂರಿಸಿ ಹಲ್ಲನ್ನು ಮತ್ತೆ ತೆರೆದು ಕೀವು ಹರಿಯಲು ಬಿಟ್ಟರು, ಇಂಜೆಕ್ಷನ್ ಕೊಟ್ಟರು, ಊತ ಇಳಿಯುವವರೆಗೂ ಪೇಟೆಯಲ್ಲೇ ಉಳಿದು ದಿನವೂ ಬರಲು ಹೇಳಿದರು. ಹಲ್ಲನ್ನು ಉಳಿಸಲು ಅವರು ಪಟ್ಟ ಪಾಡನ್ನು ಮುತ್ತಮ್ಮ ಕಣ್ಣಾರೆ ಕಂಡಳು. ಆಗಲಿಲ್ಲ. ಒಂದು ದಿನ ಬೇರಿನಲ್ಲಿ ಸೀಳು ಕಂಡಿತು. ಪಕ್ಕದ ಹಲ್ಲೂ ಅಲ್ಲಾಡುತ್ತಿತ್ತು. ಎರಡನ್ನೂ ತೆಗೆದರು. ತೆಗೆಯುವಾಗ ಸಣ್ಣಸ್ವಾಮಿ ಪಾದಗಳನ್ನು ಒಂದರ ಮೇಲೊಂದು ಒತ್ತಿಕೊಂಡಿದ್ದ. ಮುತ್ತಮ್ಮ ಬಗ್ಗಿ ಅವನ್ನು ಹಿಡಿದುಕೊಂಡಳು.

ಗಾಯ ಒಣಗಿದ ಮೇಲೆ ಡಾಕ್ಟರು ಕಟ್ಟುಹಲ್ಲು ಮಾಡಿಸಿಕೊಟ್ಟರು. ನೋಡುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಲಿಂಗಮ್ಮ ಪೆಟ್ಟಿಗೆಯ ಬೀಗ ತೆಗೆದು ನಾಗಸ್ವರವನ್ನು ಅವನ ಮುಂದೆ ಇಟ್ಟಳು. ಅವನು ಹೊಳೆಯ ದಂಡೆಗೆ ಹೋಗಿ ಕೆಲವು ದಿನ ಪ್ರಯತ್ನ ಮಾಡಿದ. ಬಿಗಿ ಹಿಡಿದರೆ ಕಟ್ಟುಹಲ್ಲು ಜಾರುತ್ತಿತ್ತು, ಸಡಿಲ ಬಿಟ್ಟರೆ ಗಾಳಿ ಪಕ್ಕದಿಂದ ಹೋಗುತ್ತಿತ್ತು. ಒಂದು ದಿನ ವಾಪಸು ತಂದು ಅತ್ತಿಗೆಯ ಕೈಗೆ ಕೊಟ್ಟ. ಕಟ್ಟುಹಲ್ಲು ಹಾಕಿಕೊಂಡೂ ಊದುವವರಿದ್ದಾರೆ, ಇನ್ನೂ ಅಭ್ಯಾಸ ಮಾಡಬೇಕಿತ್ತು ಎಂದು ಊರಿನವರು ಹೇಳಿದರು. ಹಲ್ಲಿದ್ದರೂ ಅವನು ಊದುತ್ತಿರಲಿಲ್ಲ ಎಂಬುದು ಮುತ್ತಮ್ಮನ ಅಭಿಪ್ರಾಯ. ಎಡಗಡೆ ತಿರುಗಿ ನೋಡುವ ಅಭ್ಯಾಸ ಅವನಿಗೆ ಬಿಟ್ಟಿರಲಿಲ್ಲವಂತೆ. ಸ್ವಲ್ಪ ಊದಿ ತಿರುಗುತ್ತಿದ್ದ, ಅಷ್ಟಕ್ಕೆ ನಿಲ್ಲುತ್ತಿತ್ತು.

ಆಮೇಲೆ ಅವನು ಹೊಲ ನೋಡಿಕೊಂಡಿದ್ದ. ಮದುವೆಗೆ ಕರೆದರೆ ಹೋಗುತ್ತಿದ್ದ, ಅಡುಗೆಯವರ ಪಕ್ಕ ಕೂತು ತರಕಾರಿ ಹೆಚ್ಚಿಕೊಡುತ್ತಿದ್ದ, ಧಾರೆಯ ಹೊತ್ತಿಗೆ ಎದ್ದು ಮನೆಗೆ ಬರುತ್ತಿದ್ದ. ಹಲ್ಲುನೋವು ಎಂದು ಯಾರಾದರೂ ಕೆನ್ನೆ ಹಿಡಿದುಕೊಂಡರೆ ಮಾತ್ರ ಅವನಿಗೆ ಎಲ್ಲಿಲ್ಲದ ಮಾತು ಬರುತ್ತಿತ್ತು. ಮಡಿಕೇರಿಗೆ ಹೋಗಿ, ಡಾಕ್ಟರು ಹೇಳಿದ್ದಕ್ಕಿಂತ ಒಂದು ದಿನ ಮುಂಚೆಯೂ ಅದರಿಂದ ಕಚ್ಚಬೇಡಿ, ನೋವಿಲ್ಲ ಅಂತ ವಾಸಿಯಾಯಿತು ಅಂದುಕೊಳ್ಳಬೇಡಿ ಎಂದು ಕೈ ಹಿಡಿದು ಹೇಳುತ್ತಿದ್ದ. ಹೋಗಲು ಹೆದರುವವರ ಜೊತೆ ತಾನೇ ಬಸ್ಸು ಹತ್ತುತ್ತಿದ್ದ.

ಲಿಂಗಮ್ಮನ ಮೌನ ಬೇರೆ ಥರದ್ದು. ಗಂಡ ಹೋದ ದಿನ ತಾನು ಅಳುವಾಗ ಏನಂದೆ ಎಂಬುದು ಅವಳಿಗೆ ಆಮೇಲೆ ನೆನಪಾಗಿತ್ತು. ಅದನ್ನು ಯಾರ ಹತ್ತಿರವೂ ಆಡಲಿಲ್ಲ. ಮೈದುನನಿಗೆ ಬಡಿಸುವಾಗ ಅವನ ಮುಖ ನೋಡುತ್ತಿರಲಿಲ್ಲ. ಹುರಿಗಾಳು ಅವಳು ಮತ್ತೆಂದೂ ಆ ಮನೆಯಲ್ಲಿ ಹುರಿಯಲಿಲ್ಲ.

ಕೊಡಗು ಮೈಸೂರಿಗೆ ಸೇರುತ್ತದೆಂದು ಎಲ್ಲೆಲ್ಲೂ ಮಾತಾಗಿದ್ದ ವರ್ಷ. ಜಗಲಿಯಲ್ಲಿ ಅತ್ತಿಗೆ ಮೈದುನ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮುತ್ತಮ್ಮ ಒಳಗೆ ಒಲೆಯ ಮುಂದಿದ್ದಳು. ಲಿಂಗಮ್ಮ ತಲೆ ಎತ್ತದೆ ಕೇಳಿದಳು.

"ಸಣ್ಣಪ್ಪ, ಅವತ್ತು ನಾ ಬಾಯ್ ಮುಚ್ಕಂಡಿದ್ರೆ ನೀನು ಊದ್ತಿರ್‌ನಿಲ್ಲ. ಅಲ್ವಾ?"

ಸಣ್ಣಸ್ವಾಮಿಯ ಕೈ ನಿಂತಿತು. ಒಳಗೆ ಮುತ್ತಮ್ಮನ ಕೈಯೂ ನಿಂತಿತು. ಮಡಿಕೇರಿಯ ಬಸ್ಸಿನಲ್ಲಿ, ಆ ಊದಿದ ಮುಖದಲ್ಲಿ, ಗಂಡ ತನಗೆ ಹೇಳಿದ್ದು ಅವಳಿಗೆ ಗೊತ್ತಿತ್ತು: ಅತ್ಗೆ ಅಂದಿದ್ದು ಸರಿ, ಮನೇಲಿ ಊದೋನಿದ್ದು ಅಣ್ಣನ್ನ ಹಂಗೇ ಕಳ್ಸಕಾಯ್ತದಾ?

"ಅವತ್ತು ನೀನೇನಂದೆ ಅತ್ಗೆ?" ಎಂದ ಸಣ್ಣಸ್ವಾಮಿ.

"ಕೇಳಿಸ್ನಿಲ್ವಾ ನಿಂಗೆ?"

"ಎಲ್ರೂ ಅಳ್ತಿದ್ರು. ನಂಗೇನೂ ಕೇಳಿಸ್ನಿಲ್ಲ. ನಾ ಮನೇಲೇ ಅಂದ್ಕಂಡ್ ಬಂದಿದ್ದೆ, ಊದಾದೇ ಅಂತ."

ಲಿಂಗಮ್ಮ ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಎಷ್ಟೋ ವರ್ಷದ ಮೇಲೆ ಹಾಗೆ ನೋಡಿದ್ದು. "ಹಂಗಾ," ಎಂದಳು. ಮತ್ತೆ ಕಾಯಿ ಸುಲಿಯತೊಡಗಿದಳು.

ಅವಳು ನಂಬಿದಳೋ ಇಲ್ಲವೋ ಮುತ್ತಮ್ಮನಿಗೂ ಗೊತ್ತಿಲ್ಲ. ಸುಲಿದಾದ ಮೇಲೆ ಲಿಂಗಮ್ಮ ಎದ್ದು ಕೊಟ್ಟಿಗೆಗೆ ಹೋದಳು. ಹಾಲು ಕರೆಯುವ ಹೊತ್ತು ಇನ್ನೂ ಆಗಿರಲಿಲ್ಲ. ಮುತ್ತಮ್ಮ ಹಿಂದೆ ಹೋಗಲು ಹೊರಟಾಗ ಸಣ್ಣಸ್ವಾಮಿ ಸನ್ನೆ ಮಾಡಿ ತಡೆದ. ಕೊಟ್ಟಿಗೆಯ ಒಳಗಿಂದ ಅಳುವ ಸದ್ದು ಬಂತು. ಅವನು ಸುಲಿದ ಕಾಳನ್ನು ಮೊರದಲ್ಲಿ ಹರಡಿ, ಅಳು ನಿಲ್ಲುವವರೆಗೂ ಜಗಲಿಯಲ್ಲೇ ಕೂತಿದ್ದ.